ಆಶಾಭಂಗ

ಈ ಸಂಜೆ ನಾನು ಮಾತನಾಡಬೇಕೆಂದಿರುವ ವಿಷಯ ಆಶಾಭಂಗ. ದಿನದ ಕೆಲಸವನ್ನು ಮುಗಿಸಿ, ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದು ಕುಳಿತಿರುವವರ ಮುಂದೆ ಎತ್ತತಕ್ಕ ವಿಷಯ ಇದಲ್ಲವೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ಇದರಲ್ಲಿ ಸ್ವಂತ ಅನುಭವವಿಲ್ಲದ ಶ್ರೋತೃಗಳು ಒಬ್ಬರೂ ಇರಲಾರರೆಂಬ ಧೈರ್ಯದಿಂದ ಇದನ್ನು ಆರಿಸಿಕೊಂಡಿದ್ದೇನೆ. ಪರೀಕ್ಷೆಯ ಪಟ್ಟಿಯಲ್ಲಿ ತನ್ನ ಹೆಸರನ್ನು ಮೇಲಿನಿಂದ ಕೆಳಕ್ಕೆ ಮೂರು ಸಲ ಹುಡುಕಿದ ಹುಡುಗ, ನಿಶ್ಚಯವಾಗಿದ್ದ ಮದುವೆ ನಿಂತುಹೋದ ಹೆಣ್ಣುಮಗಳು, ಬಂದೇ ಬರುತ್ತದೆಂದಿದ್ದ ಬಡ್ತಿ ಇನ್ನೊಬ್ಬರ ಪಾಲಾದ ಗುಮಾಸ್ತೆ, ತೊಟ್ಟಿಲು ತೂಗುವ ಆಸೆಯಲ್ಲಿ ವರ್ಷಗಳನ್ನು ಎಣಿಸಿದ ದಂಪತಿಗಳು, ಎಲ್ಲರೂ ಒಂದೇ ಶಾಲೆಯ ವಿದ್ಯಾರ್ಥಿಗಳು.

ಸಾವಿನ ದುಃಖಕ್ಕೂ ಈ ದುಃಖಕ್ಕೂ ಒಂದು ಭೇದವುಂಟು. ಸಾವಾದ ಮನೆಗೆ ನೆರೆಹೊರೆಯವರು ಬರುತ್ತಾರೆ. ಒಲೆ ಹೊತ್ತಿಸದ ಮನೆಗೆ ಬುತ್ತಿ ಕಟ್ಟಿ ತರುತ್ತಾರೆ. ಇಷ್ಟು ದಿನ ಸೂತಕ, ಇಂತಹ ದಿನ ಶುದ್ಧಿ ಎಂದು ಅಳುವುದಕ್ಕೂ ಒಂದು ಕ್ರಮವಿರುತ್ತದೆ, ಒಂದು ಗಡಿಯಿರುತ್ತದೆ. ಆಸೆ ಸತ್ತ ಮನೆಗಾದರೋ ಯಾರೂ ಬರುವುದಿಲ್ಲ. ಕಳೆದುಹೋದದ್ದು ಎಂದೂ ಕೈಯಲ್ಲಿ ಇದ್ದುದಲ್ಲವಷ್ಟೆ! ಇಲ್ಲದ್ದನ್ನು ಕಳೆದುಕೊಂಡವನಿಗೆ ಸಮಾಧಾನ ಹೇಳುವುದು ಹೇಗೆ? ಆದ್ದರಿಂದ ಜನ “ಹೋಗಲಿ ಬಿಡು, ಋಣವಿರಲಿಲ್ಲ” ಎಂದು ಒಂದು ಮಾತು ಹೇಳಿ ತಮ್ಮ ದಾರಿ ಹಿಡಿಯುತ್ತಾರೆ. ನೊಂದವನಿಗೆ ಕೂಡ ತನ್ನ ನೋವು ನ್ಯಾಯವಾದದ್ದೆಂಬ ನಂಬಿಕೆ ಇರುವುದಿಲ್ಲ. ನಾಚಿಕೊಂಡು ಅದನ್ನು ಬಚ್ಚಿಡುತ್ತಾನೆ. ಬಚ್ಚಿಟ್ಟ ದುಃಖ ಮುಚ್ಚಿಟ್ಟ ಅನ್ನದಂತೆ ಹಳಸುತ್ತದೆ.

ಈ ನೋವನ್ನು ತಾಳುವ ಬಗೆ ಯಾವುದು? ಅದನ್ನು ಕೇಳಿ ತಿಳಿಯುವುದಕ್ಕೆ ತಮ್ಮನ್ನು ಧಾರವಾಡ ಜಿಲ್ಲೆಯ ಹಳ್ಳಿಗಾಡಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಆಸೆಪಡುವುದನ್ನೇ ಜೀವನೋಪಾಯ ಮಾಡಿಕೊಂಡವರು ಯಾರಾದರೂ ಇದ್ದರೆ ಅವರು ಮಳೆಯನ್ನು ನಂಬಿದ ಬೇಸಾಯಗಾರರು. ಆಶಾಭಂಗದ ವಿಷಯದಲ್ಲಿ ಅವರಿಗಿಂತ ಹಳೆಯ ಪಂಡಿತರು ದೊರೆಯುವುದು ಕಷ್ಟ.

ಆ ಜಿಲ್ಲೆಯ ಪಶ್ಚಿಮಕ್ಕೆ ಕಲಘಟಗಿ. ಅದು ಮಲೆನಾಡಿನ ಸೆರಗು, ಭತ್ತದ ಸೀಮೆ. ಪೂರ್ವಕ್ಕೆ ಹೋದಂತೆ ಮರಗಳು ವಿರಳವಾಗಿ, ನವಲಗುಂದ, ಅಣ್ಣಿಗೇರಿಗಳ ಕಡೆ ಕಣ್ಣು ಹಾಯುವಷ್ಟು ದೂರವೂ ಕರಿಯ ಎರೆಭೂಮಿ ಹರಡಿಕೊಳ್ಳುತ್ತದೆ. ಮುಂಗಾರಿನಲ್ಲಿ ಹೆಸರು, ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ. ಹಿಂಗಾರಿನಲ್ಲಿ ಕಡಲೆ, ಬಿಳಿಜೋಳ, ಗೋದಿ, ಕುಸುಬೆ. ಈ ಸೀಮೆಯ ಒಬ್ಬ ರೈತನನ್ನು ಮನಸ್ಸಿನಲ್ಲಿ ಎಣಿಸಿಕೊಳ್ಳಿ. ಮೃಗಶಿರ ಮಳೆಯನ್ನು ನಂಬಿ ಅವನು ಹೆಸರು ಬಿತ್ತಿದ್ದಾನೆ. ಎರಡು ತಿಂಗಳಲ್ಲಿ ಕೈಗೆ ಬರುವ ಬೆಳೆ. ಆ ಎರಡು ತಿಂಗಳು ಅವನು ಹೊಲದ ಬದುವಿನ ಮೇಲೆ ಕುಳಿತು ಲೆಕ್ಕ ಹಾಕುತ್ತಾನೆ: ಬೀಜ ಗೊಬ್ಬರದ ಅಂಗಡಿಯ ಬಾಕಿ ಇಷ್ಟು, ಮಗನ ಕಾಲೇಜಿಗೆ ಇಷ್ಟು, ಉಳಿದರೆ ಮನೆಯ ಮಾಳಿಗೆಗೆ ಇಷ್ಟು. ಕಾಯಿ ಕಪ್ಪಗಾಗಿ, ಇನ್ನು ನಾಲ್ಕು ದಿನಕ್ಕೆ ಬಿಡಿಸಬೇಕೆನ್ನುವಾಗ ಮಳೆ ಹಿಡಿಯುತ್ತದೆ. ಬಿಟ್ಟೂ ಬಿಡದೆ ಹಿಡಿಯುತ್ತದೆ. ತುಪ್ಪರಿಹಳ್ಳ ಬೆಣ್ಣಿಹಳ್ಳಗಳು ದಂಡೆ ಮೀರಿ ಹೊಲಕ್ಕೆ ನುಗ್ಗುತ್ತವೆ. ನೀರು ನುಗ್ಗದ ಹೊಲದಲ್ಲಿ ಕೂಡ ಹೆಸರುಕಾಯಿ ಗಿಡದ ಮೇಲೆಯೇ ಮೊಳೆಯುತ್ತದೆ. ತಾಳಿಕೊಳ್ಳುವುದಕ್ಕೆ ಕಷ್ಟವಾದ ನೋಟವೆಂದರೆ ಇದು. ಬೆಳೆ ಬಾರದೆ ಹೋದರೆ ಒಂದು ಬಗೆ; ಬಂದು, ಕಣ್ಣೆದುರಿಗೆ ನಿಂತು, ಕೈಗೆ ಸಿಕ್ಕದೆ ಹೋದರೆ ಅದು ಇನ್ನೊಂದು ಬಗೆ.

ಮಾರನೆಯ ದಿನ ಅವನು ಏನು ಮಾಡುತ್ತಾನೆ? ಹೊಲಕ್ಕೆ ಹೋಗಿ ದುಡಿಯುತ್ತಾನೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಎರೆಭೂಮಿಯ ಗುಣ ತಿಳಿದವರಿಗೆ ಗೊತ್ತು, ತೊಯ್ದ ಎರೆಯೊಳಗೆ ಕಾಲಿಡುವುದಕ್ಕಾಗುವುದಿಲ್ಲ. ಮಣ್ಣು ಕಾಲಿಗೆ ಮೆತ್ತಿಕೊಂಡು, ಹೆಜ್ಜೆ ಹೆಜ್ಜೆಗೂ ಭಾರವಾಗಿ, ಎತ್ತುಗಳೂ ಹೂತುಕೊಳ್ಳುತ್ತವೆ. ಹಟದಿಂದ ಕೂರಿಗೆ ಹೂಡಿದರೆ ಬೀಜ ಕೊಳೆಯುತ್ತದೆ, ಮಣ್ಣು ಹೆಂಟೆಗಟ್ಟುತ್ತದೆ. ಹಾಗೆಂದು ಬಹಳ ದಿನ ಬಿಟ್ಟರೆ ಅದೇ ಭೂಮಿ ಒಣಗಿ ಬಿರುಕು ಬಿಡುತ್ತದೆ, ಆಗ ಬಿತ್ತಿದ್ದು ಮೊಳೆಯುವುದಿಲ್ಲ. ಈ ಎರಡರ ನಡುವೆ ಒಂದು ಸಮಯವಿದೆ. ಅದಕ್ಕೆ ರೈತರು ಹದ ಎನ್ನುತ್ತಾರೆ. ಒಂದು ಹಿಡಿ ಮಣ್ಣನ್ನು ಕೈಯಲ್ಲಿ ಹಿಸುಕಿ ನೋಡಿ ಹದ ಬಂತೋ ಇಲ್ಲವೋ ಹೇಳುತ್ತಾರೆ. ಹದ ಬರುವವರೆಗೆ ನಮ್ಮ ರೈತ ದನಕರುಗಳಿಗೆ ಮೇವು ಹಾಕುತ್ತಾನೆ, ಹಗ್ಗ ಹೊಸೆಯುತ್ತಾನೆ, ಕೂರಿಗೆಯ ತಾಳನ್ನು ನೋಡಿಕೊಳ್ಳುತ್ತಾನೆ, ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕುಳಿತು “ಈ ಸಲ ಹೋತಪ್ಪಾ” ಎನ್ನುತ್ತಾನೆ. ಹದ ಬಂದ ದಿನ ಕಡಲೆಯ ಬೀಜವನ್ನು ಉಡಿಯಲ್ಲಿ ಕಟ್ಟಿಕೊಂಡು ಹೊರಡುತ್ತಾನೆ.

ಆಶಾಭಂಗವಾದ ಮನಸ್ಸೂ ತೊಯ್ದ ಎರೆಭೂಮಿಯಂಥದೇ. ಅದರೊಳಗೆ ತತ್ಕ್ಷಣ ನೇಗಿಲು ಹೂಡುವವರು ಬಹು ಮಂದಿ. ಮದುವೆ ಮುರಿದ ವಾರದಲ್ಲಿ ಇನ್ನೊಂದು ಸಂಬಂಧವನ್ನು ಗೊತ್ತುಮಾಡುತ್ತಾರೆ. ಫಲಿತಾಂಶ ಬಂದ ಸಂಜೆಯೇ ಓದನ್ನು ಬಿಟ್ಟುಬಿಡುವ ಪ್ರತಿಜ್ಞೆ ಮಾಡುತ್ತಾರೆ. ಕೆಲಸ ತಪ್ಪಿದ ದಿನವೇ ಊರನ್ನು ಬಿಡುತ್ತಾರೆ. ಆಗ ಬಿತ್ತಿದ ಬೀಜ ಬಹುಮಟ್ಟಿಗೆ ಕೊಳೆಯುತ್ತದೆ. ದೊಡ್ಡ ನಿಶ್ಚಯಗಳಿಗೆ ಅದು ಕಾಲವಲ್ಲ. ದನಕ್ಕೆ ಮೇವು ಹಾಕುವಂಥ ಸಣ್ಣ ಕೆಲಸಗಳಿಗೆ ಅದು ಕಾಲ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ನಾಲ್ಕು ಹೆಜ್ಜೆ ತಿರುಗಾಟ, ಕೈಗೆ ಒಂದು ಕೆಲಸ. ಇವು ನೋಡುವುದಕ್ಕೆ ಅಲ್ಪವಾದರೂ ಕುಸಿದ ಮನಸ್ಸನ್ನು ಎತ್ತುವ ಶಕ್ತಿ ಇವುಗಳಿಗಿದೆಯೆಂಬುದನ್ನು ಇಂದಿನ ಮನಶ್ಶಾಸ್ತ್ರಜ್ಞರೂ ಒಪ್ಪುತ್ತಾರೆ. ಆದರೆ ಹದ ಬಂದಮೇಲೂ ಮನೆಯಲ್ಲಿಯೇ ಕುಳಿತು, ಹೋದ ಬೆಳೆಯನ್ನೇ ಮೆಲುಕು ಹಾಕುತ್ತಿದ್ದರೆ ಭೂಮಿ ಬಿರಿಯುತ್ತದೆ. ಅದನ್ನೂ ಮರೆಯಬಾರದು.

ಹದ ಬರುವುದಕ್ಕೆ ಮುಂಚೆ ನೀರು ಇಂಗಬೇಕಷ್ಟೆ. ಮನಸ್ಸಿನ ನೀರು ಇಂಗುವುದು ಹೇಗೆ? ಅತ್ತು. ಇದಕ್ಕೂ ಆ ಸೀಮೆಯವರು ಒಂದು ಏರ್ಪಾಡನ್ನು ಮಾಡಿಕೊಂಡಿದ್ದಾರೆ. ಫಾಲ್ಗುಣದ ಹೋಳಿ ಹುಣ್ಣಿಮೆಯಲ್ಲಿ ಊರೂರಿನಲ್ಲಿಯೂ ಕಾಮಣ್ಣನನ್ನು ಕೂರಿಸುತ್ತಾರೆ, ಹಲಗೆ ಬಾರಿಸುತ್ತಾರೆ, ಕೊನೆಗೆ ಸುಡುತ್ತಾರೆ. ಆಗ ಹುಡುಗರು ಬಾಯಿಗೆ ಕೈ ಬಡಿದುಕೊಂಡು ಲಬೋ ಲಬೋ ಎಂದು ಹೊಯ್ಕೊಳ್ಳುತ್ತಾರೆ. ಪಟ್ಟಣದವರು ಇದನ್ನು ಒರಟು ವಿನೋದವೆಂದು ಮೂಗು ಮುರಿಯಬಹುದು. ಆದರೆ ಸುಡುತ್ತಿರುವವನು ಯಾರು? ಕಾಮ, ಅಂದರೆ ಆಸೆ. ಆಸೆಯೇ ಬೂದಿಯಾಯಿತೆಂದು ಇಡೀ ಊರು ಬೀದಿಯಲ್ಲಿ ನಿಂತು ಗಟ್ಟಿಯಾಗಿ ಗೋಳಿಡುವ ಹಬ್ಬ ಇದು. ಅವರವರ ಮನಸ್ಸಿನಲ್ಲಿ ಆ ವರ್ಷ ಏನೇನು ಸುಟ್ಟಿತೋ ಅದೆಲ್ಲಕ್ಕೂ ಒಂದೇ ಕೂಗು. ಅಳುವವನ ಗುಟ್ಟು ಬಯಲಾಗುವುದಿಲ್ಲ, ಅಳುವೂ ಒಳಗೆ ಉಳಿಯುವುದಿಲ್ಲ. ಬಳಿಕ ಬಣ್ಣ, ಸ್ನಾನ, ಹೋಳಿಗೆಯ ಊಟ. ಗೋಳಿಗೆ ಎಡೆಯುಂಟು, ಎಲ್ಲೆಯೂ ಉಂಟು. ಪುರಾಣದ ಕಥೆಯನ್ನು ಬಲ್ಲವರು ಇನ್ನೊಂದನ್ನೂ ಬಲ್ಲರು: ಈಶ್ವರನ ಕಣ್ಣಿನ ಉರಿಯಲ್ಲಿ ಸುಟ್ಟುಹೋದದ್ದು ಕಾಮನ ದೇಹ. ಕಾಮ ಅಳಿಯಲಿಲ್ಲ, ಅನಂಗನಾಗಿ ಉಳಿದ. ನಮ್ಮ ಒಂದು ಆಸೆ ಒಂದು ರೂಪವನ್ನು ತಾಳಿರುತ್ತದೆ. ಸುಡುವುದು ಆ ರೂಪ. ಆಸೆಪಡುವ ಶಕ್ತಿ ಸುಡುವುದಿಲ್ಲ.

ನವಲಗುಂದದಲ್ಲಿ ರಾಮಲಿಂಗ ಕಾಮಣ್ಣನಿದ್ದಾನೆ. ಹೋಳಿಯ ದಿನಗಳಲ್ಲಿ ದೂರದೂರದಿಂದ ಜನ ಬಂದು ಅವನಿಗೆ ಹರಕೆ ಹೊರುತ್ತಾರೆ. ಮಕ್ಕಳಾಗಲಿ, ಕಂಕಣಬಲ ಕೂಡಿಬರಲಿ, ನೌಕರಿ ಸಿಗಲಿ ಎಂದು ಬೇಡುತ್ತಾರೆ. ಬೇಡಿದ್ದು ಕೈಗೂಡಿದವರು ಬೆಳ್ಳಿಯ ತೊಟ್ಟಿಲು ಮೊದಲಾದುವನ್ನು ತಂದು ಒಪ್ಪಿಸುತ್ತಾರೆ. ನನ್ನ ಯೋಚನೆ ಹೋಗುವುದು ಕೈಗೂಡದವರ ಕಡೆಗೆ. ಅವರು ಏನನ್ನೂ ಒಪ್ಪಿಸುವಂತಿಲ್ಲ. ಆದರೂ ಮುಂದಿನ ವರ್ಷ ಅದೇ ಸಾಲಿನಲ್ಲಿ ಬಂದು ನಿಲ್ಲುವುದಕ್ಕೆ ಅವರಿಗೆ ಅಡ್ಡಿಯಿಲ್ಲ. ದೇವರನ್ನು ನಂಬುವುದು ಬಿಡುವುದು ಅವರವರ ಮನಸ್ಸಿಗೆ ಸೇರಿದ್ದು. ಆದರೆ ಸೋತವನಿಗೂ ಗೆದ್ದವನಿಗೂ ಒಂದೇ ಸಾಲು ಎಂಬ ಆ ಮರ್ಯಾದೆ ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ಕಚೇರಿಗಳಲ್ಲಿ ಇದ್ದಿದ್ದರೆ ಎಷ್ಟು ಕಣ್ಣೀರು ಕಡಿಮೆಯಾಗುತ್ತಿತ್ತು!

ಇದುವರೆಗೆ ಒಂದೇ ಏಟಿಗೆ ಮುರಿದ ಆಸೆಯ ಮಾತಾಯಿತು. ಮುರಿಯದೆ, ಕೈಗೂಡದೆ, ವರ್ಷಗಟ್ಟಲೆ ಕಾಯಿಸುವ ಆಸೆಯುಂಟು. ಅದು ಇನ್ನೂ ಕಠಿಣ. ನವಲಗುಂದದ ಜನ ಮಲಪ್ರಭೆಯ ನೀರನ್ನು ನಂಬಿದವರು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಆ ನದಿಗೆ ಕಟ್ಟಿದ ಅಣೆಕಟ್ಟು ಅನೇಕ ವರ್ಷಗಳಲ್ಲಿ ತುಂಬುವುದೇ ಇಲ್ಲ. ಕಾಲುವೆಯಲ್ಲಿ ನೀರು ಸರಿಯಾಗಿ ಬಾರದಿದ್ದಾಗಲೂ ನೀರಾವರಿಯ ಅಭಿವೃದ್ಧಿ ಕರ ಕೊಡಬೇಕೆಂಬುದನ್ನು ವಿರೋಧಿಸಿ ರೈತರು ಎದ್ದುನಿಂತಾಗ, 1980ರ ಜುಲೈ 21ರಂದು ನವಲಗುಂದ ನರಗುಂದಗಳಲ್ಲಿ ಗೋಲಿಬಾರು ನಡೆದು ರೈತರ ಪ್ರಾಣ ಹೋಯಿತು. ಮುಂದೆ ಮಹಾದಾಯಿಯ ಹಳ್ಳಗಳಾದ ಕಳಸಾ ಬಂಡೂರಿಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಆಸೆ ಬೆಳೆಯಿತು. ಅದಕ್ಕಾಗಿ 2015ರ ಜುಲೈಯಲ್ಲಿ ಆರಂಭವಾದ ಧರಣಿ ವರ್ಷಗಳ ಕಾಲ ನಡೆಯಿತು. 2016ರ ಜುಲೈ 27ರಂದು ನ್ಯಾಯಾಧಿಕರಣವು 7.56 ಟಿ.ಎಂ.ಸಿ. ನೀರಿನ ಮಧ್ಯಂತರ ಬೇಡಿಕೆಯನ್ನು ತಳ್ಳಿಹಾಕಿದಾಗ ನವಲಗುಂದದಲ್ಲಿ ನೋವು ಬೆಂಕಿಯಾಗಿ ಕಚೇರಿಗಳನ್ನು ಸುಟ್ಟಿತು. ಹಿಂದೆಯೇ ಯಮನೂರು ಮೊದಲಾದ ಹಳ್ಳಿಗಳಲ್ಲಿ ಲಾಠಿಯ ಏಟುಗಳು ಬಿದ್ದುವು. ಆಶಾಭಂಗವು ಸಿಟ್ಟಾಗಿ ತಿರುಗುವುದು ಎಷ್ಟು ಸುಲಭ, ಆ ಸಿಟ್ಟಿನ ಬೆಲೆಯನ್ನು ಕೊನೆಗೆ ಮನೆಯ ಮುದುಕರೂ ಹೆಂಗಸರೂ ತೆರಬೇಕಾಗುವುದು ಎಷ್ಟು ಸಹಜ, ಎಂಬುದಕ್ಕೆ ಆ ವಾರವೇ ಸಾಕ್ಷಿ. 2018ರ ಆಗಸ್ಟ್ 14ರ ತೀರ್ಪು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಕೊಟ್ಟಿತು, ಅದರಲ್ಲಿ ಕಳಸಾ ಬಂಡೂರಿಗಳಿಂದ ಮಲಪ್ರಭೆಗೆ ಬರತಕ್ಕದ್ದು 3.90. ತೀರ್ಪು ರಾಜಪತ್ರದಲ್ಲಿ ಪ್ರಕಟವಾದದ್ದು 2020ರ ಫೆಬ್ರವರಿಯಲ್ಲಿ. ಯೋಜನೆಯ ಪರಿಷ್ಕೃತ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ ದೊರೆತದ್ದು 2022ರ ಡಿಸೆಂಬರಿನಲ್ಲಿ. ಅನಂತರವೂ ಇತರ ಅನುಮತಿಗಳಿಗಾಗಿ ಕಾಯುವುದು ಮುಂದುವರಿಯಿತು.

ನೀರಿನ ಹಂಚಿಕೆಯ ನ್ಯಾಯಾನ್ಯಾಯಗಳನ್ನು ತೂಗುವುದು ಈ ಭಾಷಣದ ಕೆಲಸವಲ್ಲ. ಇಷ್ಟು ಸಲ ಏರಿ ಇಳಿದ ಆಸೆಯನ್ನು ಹೊತ್ತುಕೊಂಡು ಆ ಜನ ಬದುಕಿದ್ದು ಹೇಗೆ ಎಂಬುದೇ ನನ್ನ ಪ್ರಶ್ನೆ. ಉತ್ತರ ಎರಡು ಕಡೆ ಕಾಣುತ್ತದೆ. ಮೊದಲನೆಯದು, ಅವರು ತಮ್ಮ ನೋವಿಗೆ ಒಂದು ದಿನವನ್ನೂ ಒಂದು ಸ್ಥಳವನ್ನೂ ಗೊತ್ತುಮಾಡಿಕೊಂಡಿದ್ದಾರೆ. ಪ್ರತಿ ವರ್ಷ ಜುಲೈ 21ರಂದು ಹುತಾತ್ಮರ ಕಲ್ಲಿಗೆ ಮಾಲೆ ಹಾಕಿ, ಆಡಬೇಕಾದುದನ್ನು ಆಡುತ್ತಾರೆ. ಎರಡನೆಯದು ಹೊಲದಲ್ಲಿದೆ. ಆ ಕಡೆಯ ಅನುಭವಸ್ಥ ರೈತ ಇಡೀ ಹೊಲಕ್ಕೆ ಒಂದೇ ಬೆಳೆ ಬಿತ್ತುವುದಿಲ್ಲ. ಇಷ್ಟಿಷ್ಟು ಸಾಲುಗಳ ನಡುವೆ ಬೇರೊಂದು ಬೆಳೆಯ ಸಾಲನ್ನು ಹಾಕುತ್ತಾನೆ. ಅದಕ್ಕೆ ಅಕ್ಕಡಿ ಎಂದು ಹೆಸರು. ದೊಡ್ಡ ಬೆಳೆ ಹೋದರೂ ಅಕ್ಕಡಿಯ ತೊಗರಿ ಮನೆಯ ಬೇಳೆಗಾಗುತ್ತದೆ. ಮಹಾದಾಯಿಯ ನೀರು ಬರಲೆಂದು ಧರಣಿಗೆ ಕುಳಿತವರು ಆ ವರ್ಷಗಳಲ್ಲಿ ಬಿತ್ತುವುದನ್ನು ಬಿಡಲಿಲ್ಲ, ಮಕ್ಕಳ ಮದುವೆಯನ್ನು ನಿಲ್ಲಿಸಲಿಲ್ಲ. ದೀರ್ಘಕಾಲದ ಒಂದು ಆಸೆಯನ್ನು ಇಟ್ಟುಕೊಂಡಿರುವವರು ತಮ್ಮ ಬಾಳಿನಲ್ಲಿಯೂ ಅಕ್ಕಡಿಯ ಸಾಲುಗಳನ್ನು ಹಾಕಿಕೊಂಡಿರಬೇಕು: ಒಂದು ಗೆಳೆತನ, ಒಂದು ಓದು, ಒಂದು ಹಾಡು, ಯಾರಿಗಾದರೂ ಒಂದು ಉಪಕಾರ.

ಹಾಡೆಂದಾಗ ಕುಂದಗೋಳ ನೆನಪಾಗುತ್ತದೆ. ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರರು ಹುಟ್ಟಿದ್ದು 1886ರಲ್ಲಿ. ರಂಗಭೂಮಿಯಲ್ಲಿಯೂ ಕಚೇರಿಯಲ್ಲಿಯೂ ಹೆಸರು ಗಳಿಸಿದ ಆ ಗಾಯಕರಿಗೆ ಪಾರ್ಶ್ವವಾಯು ಬಡಿದು, 1952ರಲ್ಲಿ ತೀರಿಕೊಳ್ಳುವುದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಕಚೇರಿ ನಿಂತುಹೋಯಿತು. ಹಾಡುಗಾರನಿಗೆ ಇದಕ್ಕಿಂತ ಹೆಚ್ಚಿನ ಆಶಾಭಂಗವೇನಿದೆ? ಆದರೆ ಅವರ ವಿದ್ಯೆ ಆಗಲೇ ಬೇರೆ ಕೊರಳುಗಳನ್ನು ಸೇರಿತ್ತು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು ಅವರಲ್ಲಿ ಕಲಿತರು. ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದು ವರ್ಷದ ಬಾಲಕನಾಗಿ, ಗುರುವನ್ನು ಅರಸಿ ಗದಗಿನ ಮನೆಯನ್ನು ಬಿಟ್ಟು ಓಡಿಹೋಗಿ, ಗ್ವಾಲಿಯರ್, ಕಲಕತ್ತೆ, ಜಾಲಂಧರಗಳನ್ನೆಲ್ಲ ಸುತ್ತಿ, ಕೊನೆಗೆ 1936ರಲ್ಲಿ ತಮ್ಮ ಸೀಮೆಯ ಕುಂದಗೋಳದಲ್ಲಿಯೇ ಗುರುವನ್ನು ಕಂಡರು. ಅಲ್ಲಿ ಕೂಡ ಪಾಠಕ್ಕೆ ಮೊದಲು ಗುರುವಿನ ಮನೆಯ ಚಾಕರಿ ಕಾದಿತ್ತು.

ಇಂತಹ ಕಥೆಗಳನ್ನು ಹೇಳಿ “ನಿಮಗೂ ಹೀಗೆಯೇ ಒಳ್ಳೆಯದಾಗುತ್ತದೆ” ಎಂದುಬಿಡುವುದು ಸುಲಭ. ಆ ಮಾತನ್ನು ನಾನು ಹೇಳಲಾರೆ. ಮನೆ ಬಿಟ್ಟು ಹೋದ ಹುಡುಗರೆಲ್ಲ ಭೀಮಸೇನರಾಗುವುದಿಲ್ಲ. ಹೋದ ಆಸೆಗಳೆಲ್ಲ ಬಡ್ಡಿಸಮೇತ ಹಿಂದಿರುಗುವುದೂ ಇಲ್ಲ. ಕೆಲವು ಹೋದದ್ದು ಹೋದದ್ದೇ. ನೊಂದವನಿಗೆ ಇದನ್ನು ಒಪ್ಪಿಕೊಳ್ಳುವವರು ಒಬ್ಬರು ಬೇಕು. ಸುಳ್ಳು ಭರವಸೆ ಕೊಡುವವರು ಬೇಕಾದಷ್ಟು ಸಿಗುತ್ತಾರೆ. ಆ ಗುರುಶಿಷ್ಯರಿಂದ ನಾನು ಕಲಿಯುವುದು ಇಷ್ಟೆ: ಒಂದು ದಾರಿ ಮುಚ್ಚಿದ ದಿನ ಅವರು ಮುಚ್ಚಿದ ದಾರಿಯನ್ನೂ ತಮ್ಮನ್ನೂ ಒಂದೇ ಎಂದು ಎಣಿಸಲಿಲ್ಲ. ಬೆಳೆ ಹೋಯಿತೆಂದು ರೈತ ಹೇಳುತ್ತಾನೆ; ನಾನು ಹೋದೆನೆಂದು ಹೇಳುವುದಿಲ್ಲ. ಪರೀಕ್ಷೆ ಹೋಯಿತೆನ್ನುವ ಬದಲು “ನಾನು ಕೆಲಸಕ್ಕೆ ಬಾರದವನು” ಎನ್ನುವ ಹುಡುಗ ಲೆಕ್ಕದಲ್ಲಿ ತಪ್ಪಿದ್ದಾನೆ. ಅವನಿಗೆ ತಿದ್ದಿ ಹೇಳಬೇಕಾದ್ದು ಈ ಒಂದು ತಪ್ಪನ್ನು.

ಒಂದು ಎಚ್ಚರಿಕೆಯ ಮಾತನ್ನು ಆಡಲೇಬೇಕು. ಕೆಲವರಲ್ಲಿ ಈ ತಪ್ಪು ಲೆಕ್ಕ ಬೆಳೆಯುತ್ತ ಹೋಗಿ, ವಾರಗಟ್ಟಲೆ ನಿದ್ದೆ ಊಟಗಳು ತಪ್ಪಿ, ಬದುಕೇ ಬೇಡವೆಂಬ ಯೋಚನೆ ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಇದರಿಂದ ಬರಿದಾದ ಮನೆಗಳು ಇವೆ; ಪಟ್ಟಣದ ವಿದ್ಯಾರ್ಥಿನಿಲಯಗಳಲ್ಲಿಯೂ ಇವೆ. ಆ ಯೋಚನೆ ಹೇಡಿತನವಲ್ಲ, ಪಾಪವಲ್ಲ. ಚಿಕಿತ್ಸೆಯಿಂದ ಕಡಿಮೆಯಾಗತಕ್ಕ ನೋವು. ಅದು ಅಲೆಯಂತೆ ಏರಿ ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಒಬ್ಬರು ಜೊತೆಗಿದ್ದರೆ ಬಹು ಮಂದಿ ಉಳಿಯುತ್ತಾರೆ. ಅಂಥವರನ್ನು ಒಂಟಿಯಾಗಿ ಬಿಡಬಾರದು. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧವಿದ್ದರೆ ಬೀಗದೊಳಗೆ, ಬೇರೆಯವರ ವಶದಲ್ಲಿಡಬೇಕು. “ನಿನಗೆ ಸಾಯುವ ಯೋಚನೆ ಬರುತ್ತದೆಯೆ?” ಎಂದು ನೇರವಾಗಿ, ಮೃದುವಾಗಿ ಕೇಳಲು ಹೆದರಬೇಕಾಗಿಲ್ಲ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಂಡವನ ಭಾರ ಇಳಿಯುತ್ತದೆ. ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಿಂದೆ ಹುಟ್ಟಿದ್ದು. ಈಗ ಅದು ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ದೂರವಾಣಿ ಸೇವೆಯೂ ಇದೆ. ಅದರ ಸಂಖ್ಯೆ 14416. ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು. ಜ್ವರಕ್ಕೆ ವೈದ್ಯರಲ್ಲಿಗೆ ಹೋಗುವಷ್ಟೇ ಸಂಕೋಚವಿಲ್ಲದೆ ಇದಕ್ಕೂ ಹೋಗುವ ಕಾಲ ಬರಬೇಕು.

ಇನ್ನು ನನಗೆ ಕೊಟ್ಟಿರುವ ಹೊತ್ತು ಮುಗಿಯುತ್ತ ಬಂತು. ಆಸೆ ಸತ್ತ ಮನೆಗೆ ಯಾರೂ ಬರುವುದಿಲ್ಲವೆಂದು ಆರಂಭದಲ್ಲಿ ಹೇಳಿದೆ. ತಮ್ಮ ಬೀದಿಯಲ್ಲಿಯೇ ಅಂಥ ಮನೆಯೊಂದು ಇದ್ದೀತು. ಫಲಿತಾಂಶ ಬಂದಮೇಲೆ ಹೊರಗೆ ಕಾಣಿಸಿಕೊಳ್ಳದ ಹುಡುಗನಿದ್ದಾನು, ನೆಂಟರು ಹಿಂದಿರುಗಿಹೋದಮೇಲೆ ಬಾಗಿಲು ತೆರೆಯದ ಹೆಣ್ಣುಮಗಳಿದ್ದಾಳು. ನಾಳೆಯೋ ನಾಡಿದ್ದೋ ಅಲ್ಲಿಗೆ ಹೋಗಿ ಬನ್ನಿ. ಸಮಾಧಾನದ ಮಾತುಗಳನ್ನು ಕಟ್ಟಿಕೊಂಡು ಹೋಗಬೇಕಾಗಿಲ್ಲ. ಸಾವಾದ ಮನೆಗೆ ಒಯ್ಯುವಂತೆ ಒಂದು ಬುತ್ತಿಯನ್ನು ಒಯ್ದರೆ ಸಾಕು. ಕೆಳಗೆ ಕುಳಿತು, “ಏನಾಯಿತು, ಹೇಳು” ಎಂದು ಕೇಳಿ. ಅವರು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೊನೆಯವರೆಗೆ ಕೇಳಿ. ನೀರು ಇಂಗಲಿ. ಹದ ಯಾವಾಗ ಬಂತೆಂಬುದು ಅವರಿಗೇ ತಿಳಿಯುತ್ತದೆ. ಬಂದ ದಿನ ಬೀಜದ ಚೀಲಕ್ಕೆ ಒಂದು ಕೈ ಕೊಟ್ಟು ಎತ್ತಿದರಾಯಿತು.